ಸಹಿ ಹುನ್ನೂರದಾಗ, ಕೆಲಸ ದುಬೈದಾಗ: ಕಾಯ್ದೆ ಯಾವ ದೇಶದ್ದು? (ಭಾಗ 4)

ಈ ಸಲದ ಫೋಟೋ ನಮ್ಮ ಕಾಕಾನ ಮಗನ ಆಫರ್ ಲೆಟರ್. ಹೆಸರು, ನಂಬರ್ ಎಲ್ಲಾ ಮುಚ್ಚೇನಿ, ಜೂಮ್ ಮಾಡಬ್ಯಾಡ್ರಿ. 😄 ಅಣ್ಣ ಐಟಿಐ ಎಲೆಕ್ಟ್ರಿಷಿಯನ್. ಏಜೆಂಟ್ ಮುಂಬೈದವ. ಕೊನೇ ಸಾಲಿನಾಗ "ತಕರಾರು ಬಂದರೆ ಮುಂಬೈ ಕೋರ್ಟ್" ಅಂತ ಬರದಾರ. ಅದನ್ನ ಕೇಳಿ ಕಾಕಾ ನಿರಾಳ ಆದ್ರು, ನಮ್ಮ ದೇಶದ ಕಾಯ್ದೆ ಐತಲ್ಲ ಅಂತ.

ಹಂಗಿಲ್ಲ ನೋಡ್ರಿ. ಪಗಾರ, ಡ್ಯೂಟಿ ತಾಸು, ರಜೆ, ಗ್ರಾಚ್ಯುಟಿ ಇವೆಲ್ಲ ಕೆಲಸ ನಡೆಯೋ ದೇಶದ ಕಾಯ್ದೆಗೆ ಸೇರಿದ್ದು. ಯುಎಇದಾಗ ಅದು 2021ರ 33ನೇ ಕಾಯ್ದೆ, 2022ರ ಫೆಬ್ರುವರಿಯಿಂದ ಜಾರಿ. ಅದು ಕೊಡೋ ಹಕ್ಕಿಗಿಂತ ಕಡಿಮೆ ಏನರ ಕಾಗದದಾಗ ಬರದಿದ್ರ ನಡಿಯಂಗಿಲ್ಲ. ಹೆಚ್ಚು ಬರದಿದ್ರ ನಡೀತೈತಿ. ಮನೆಗೆಲಸಕ್ಕ, ಮನೆ ಡ್ರೈವರ್ ಆಗಿ ಹೋದವರಿಗೆ ಬ್ಯಾರೆ ಕಾಯ್ದೆ (2022ರದ್ದು).

ಹಂಗಾರ ಭಾರತದ ಕಾಯ್ದೆ ಎಲ್ಲಿ? ಏಜೆಂಟನ ಮ್ಯಾಲೆ. 1983ರ ವಲಸೆ ಕಾಯ್ದೆ ಪ್ರಕಾರ ಅವ ನೋಂದಣಿ ಮಾಡಿಸಿರಬೇಕು, ಫೀ 30,000 ರೂಪಾಯಿ ಮತ್ತು ಜಿಎಸ್‌ಟಿ ದಾಟಬಾರದು. ಇ-ಮೈಗ್ರೇಟ್ ವೆಬ್‌ಸೈಟಿನಾಗ ಹೆಸರು ಹುಡುಕ್ರಿ. ಒಂದು ವಿಚಿತ್ರ ಅಂದ್ರ, ಹತ್ತನೇತ್ತಾ ಪಾಸಾಗದವರು ಗಲ್ಫಿಗೆ ಕೆಲಸಕ್ಕ ಹೋಗಬೇಕಾದ್ರ ಸರ್ಕಾರದ ಕ್ಲಿಯರೆನ್ಸ್ ಬೇಕು, ಅವರ ಕರಾರು ಯಾರರ ನೋಡ್ತಾರ. ಪಾಸಾದ ನಮ್ಮಂಥವರಿಗೆ ಅದು ಬೇಕಿಲ್ಲ. ಅಂದ್ರ ನಮ್ಮ ಕಾಗದ ನಾವ ಓದಬೇಕು.

ಓದಿದಾಗ ಸಿಕ್ಕಿದ್ದು ಇದು: ಪಗಾರ 1800 ದಿರ್ಹಮ್, ಅದರಾಗ ಬೇಸಿಕ್ ಬರೇ 800. ಗ್ರಾಚ್ಯುಟಿ ಲೆಕ್ಕ ಬೇಸಿಕ್ ಮ್ಯಾಲೆ. ಮೊದಲ ಐದು ವರ್ಷ, ವರ್ಷಕ್ಕ 21 ದಿನದ ಬೇಸಿಕ್. 800 ಇದ್ರ ವರ್ಷಕ್ಕ 560, 1800 ಇದ್ರ 1260. ಐದು ವರ್ಷಕ್ಕ 3500 ದಿರ್ಹಮ್ ಫರಕು. ಕಬ್ಬಿನ ಬಿಲ್ ಯಾವಾಗ ಬರತೈತಿ ಅಂತ ಕಾಯೋ ಮನಿಗೆ ಇದು ಸಣ್ಣ ರೊಕ್ಕ ಅಲ್ರಿ.

ಇನ್ನೊಂದು. ಏಜೆಂಟನ ಲೆಟರ್‌ಹೆಡ್ ಅಲ್ಲ, ಅಲ್ಲಿಯ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಕೇಳಬೇಕು. ಮುಂದಿನ ಕರಾರು ಅದಕ್ಕ ಹೊಂದಬೇಕು ಅನ್ನೋದು ಅಲ್ಲಿಯ ನಿಯಮ. ಸೌದಿಗೆ ಹೋಗೋರಿಗೆ: ಎರಡು ಭಾಷೆಯ ಪ್ರತಿ ಇದ್ರ ಅರಬ್ಬಿ ಪ್ರತಿಯ ಮಾತ ನಿಲ್ಲತೈತಿ.

ಅಣ್ಣ ಇನ್ನೂ ಸಹಿ ಮಾಡಿಲ್ಲ. ಸಚಿವಾಲಯದ ಪ್ರತಿ ಕಳಸ್ರಿ ಅಂತ ನಿನ್ನೆ ಫೋನ್ ಹಚ್ಚಿದ್ದ. ಏಜೆಂಟ್ "ಎರಡು ದಿನ ಬಿಟ್ಟು ಹೇಳ್ತೀನಿ" ಅಂದಾನ.

#ಹುನ್ನೂರ #ಜಮಖಂಡಿ #ಕಾಯ್ದೆಕಥಿ