ಸ್ನಾಯುಗಳ ಸೆಳೆತವೂ ಅನ್ನದ ಕೊರತೆಯೂ

ದುಡಿಯುವ ಕಾಯಕ್ಕೆ ದಣಿವು ಸಹಜ; ದಣಿದ ಕಾಯಕ್ಕೆ ನಿದ್ರೆಯೇ ಸಹಜವಾದ ಔಷಧ. ಆದರೆ ಆ ನಿದ್ರೆಯನ್ನೇ ಕದಡುವ ಒಂದು ಬಾಧೆಯನ್ನು ಅನುಭವಿಸದ ಮನುಷ್ಯರು ವಿರಳ. ನಡುರಾತ್ರಿಯಲ್ಲಿ ಮೀನಖಂಡವು ಇದ್ದಕ್ಕಿದ್ದಂತೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಕಾಲ್ಬೆರಳುಗಳು ಸೊಟ್ಟಗಾಗುತ್ತವೆ, ಎಂಥ ಧೀರನಾದರೂ ಹಾಸಿಗೆಯ ಮೇಲೆ ಎದ್ದು ಕುಳಿತು ಹಲ್ಲು ಕಚ್ಚುತ್ತಾನೆ. ಒಂದೆರಡು ನಿಮಿಷಗಳಲ್ಲಿ ನೋವು ಇಳಿಯುತ್ತದೆ. ಬೆಳಗಾದ ಮೇಲೆ ಮನೆಯವರು ವಿಚಾರಿಸಿದರೆ ‘ನರ ಹಿಡಿದಿತ್ತು’ ಎಂದಷ್ಟೇ ಹೇಳಿ ಕೆಲಸಕ್ಕೆ ಹೊರಡುತ್ತಾನೆ. ಹಿರಿಯರು ಇದನ್ನು ವಾಯುವೆನ್ನುತ್ತಾರೆ. ಓದಿದವರು ‘ಕ್ಯಾಲ್ಸಿಯಂ ಕಡಿಮೆಯಾಗಿದೆ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ನಿಶ್ಚಯವಿದೆ, ಇಬ್ಬರಲ್ಲಿಯೂ ಪರೀಕ್ಷೆಯಿಲ್ಲ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯಲ್ಲಿ ಎಲ್ಲರ ಗಮನವೂ ಊಟದ ಮೇಲೆ ಬೀಳುತ್ತದೆ. ಆ ಗಾದೆಯ ಜೀವವಿರುವುದು ‘ಬಲ್ಲ’ ಎಂಬ ಪದದಲ್ಲಿ. ಸೆಳೆತಕ್ಕೆ ಅನ್ನದ ಕೊರತೆ ಕಾರಣವಾಗಬಹುದು, ಆಗದೆಯೂ ಇರಬಹುದು. ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದನ್ನು ಅರಿಯುವುದೇ ಇಲ್ಲಿಯ ವಿವೇಕ. ಆ ಅರಿವಿಲ್ಲದಿರುವೆಡೆ ಒಂದು ಕಡೆ ಹಣ ಪೋಲಾಗುತ್ತದೆ. ಇನ್ನೊಂದು ಕಡೆ ಎಳೆಯ ಜೀವವೇ ಅಪಾಯಕ್ಕೆ ಸಿಲುಕುತ್ತದೆ.

ಮೊದಲು ಸ್ನಾಯುವಿನ ವ್ಯಾಪಾರವೇನೆಂಬುದನ್ನು ತಿಳಿಯಬೇಕು. ನರದ ಮೂಲಕ ಬಂದ ಆಜ್ಞೆಯು ಸ್ನಾಯುವನ್ನು ಮುಟ್ಟಿದೊಡನೆ, ಸ್ನಾಯುತಂತುವಿನ ಒಳಗಣ ಸೂಕ್ಷ್ಮ ಕೋಶಗಳಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಹೊರಚೆಲ್ಲುತ್ತದೆ. ತಂತುಗಳು ಒಂದರೊಳಗೊಂದು ಸರಿದು ಸ್ನಾಯುವು ಸಂಕುಚಿಸುತ್ತದೆ. ಚೆಲ್ಲಿದ ಕ್ಯಾಲ್ಸಿಯಂ ಮರಳಿ ತನ್ನ ಕೋಶವನ್ನು ಸೇರಿದಾಗ ಸ್ನಾಯುವು ಸಡಿಲಗೊಳ್ಳುತ್ತದೆ. ಹೀಗೆ ಬಿಗಿಯುವುದಕ್ಕೆ ಮಾತ್ರವಲ್ಲ, ಸಡಿಲಗೊಳ್ಳುವುದಕ್ಕೂ ದೇಹವು ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ.

ಈ ಸುಣ್ಣದಂಶದ ಮಹಿಮೆಯು ಲೋಕಕ್ಕೆ ತಿಳಿದುಬಂದ ಬಗೆ ಸ್ವಾರಸ್ಯಕರವಾದುದು. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಅದರ ಬಡಿತವನ್ನು ಪರೀಕ್ಷಿಸುತ್ತಿದ್ದನು. ಹೃದಯವು ಚೆನ್ನಾಗಿ ಬಡಿಯಿತು. ಅದಕ್ಕೆ ಉಪ್ಪೇ ಸಾಕೆಂದು ತೋರಿತು. ಆಮೇಲೆ ವಿಚಾರಿಸಲಾಗಿ, ಆ ದ್ರಾವಣವನ್ನು ಭಟ್ಟಿಯಿಳಿಸಿದ ನೀರಿನಲ್ಲಲ್ಲ, ಊರಿನ ನಲ್ಲಿಯ ನೀರಿನಲ್ಲಿ ಸಿದ್ಧಪಡಿಸಲಾಗಿತ್ತೆಂಬುದು ಬೆಳಕಿಗೆ ಬಂದಿತು. ಶುದ್ಧವಾದ ನೀರಿನಲ್ಲಿ ಉಪ್ಪು ಕರಗಿಸಿ ನೋಡಿದಾಗ ಹೃದಯದ ಬಡಿತ ಕುಗ್ಗಿ ನಿಂತೇ ಹೋಯಿತು. ನಲ್ಲಿಯ ನೀರಿನಲ್ಲಿದ್ದ ಕಿಂಚಿತ್ ಸುಣ್ಣದಂಶವೇ ಅದನ್ನು ನಡೆಸುತ್ತಿತ್ತು. ರಿಂಗರನು 1883ರಲ್ಲಿ ಈ ತಿದ್ದುಪಡಿಯನ್ನು ಪ್ರಕಟಿಸಿದನು.

ಸಂಕೋಚನಕ್ಕೆ ಕ್ಯಾಲ್ಸಿಯಂ ಬೇಕೆಂದಾದರೆ, ಅದು ಕಡಿಮೆಯಾದಾಗ ಸ್ನಾಯುವು ಸಡಿಲಗೊಳ್ಳಬೇಕಲ್ಲವೇ? ಸೆಟೆದುಕೊಳ್ಳುವುದೇಕೆ? ಈ ಸಂದೇಹ ಯುಕ್ತವಾದುದೇ. ಇದರ ಉತ್ತರವಿರುವುದು ಸ್ನಾಯುವಿನಲ್ಲಲ್ಲ, ನರದಲ್ಲಿ. ರಕ್ತದಲ್ಲಿರುವ ಕ್ಯಾಲ್ಸಿಯಂ ನರದ ಹೊರಪೊರೆಯನ್ನು ಕಾಯುವ ದ್ವಾರಪಾಲಕನಂತೆ ವರ್ತಿಸುತ್ತದೆ. ಅದು ಕ್ಷೀಣಿಸಿದಾಗ ಸೋಡಿಯಂ ಕಣಗಳ ಬಾಗಿಲುಗಳು ಅಲ್ಪ ಕಾರಣಕ್ಕೇ ತೆರೆದುಕೊಳ್ಳುತ್ತವೆ. ಮೆದುಳು ಕಳುಹಿಸದ ಆಜ್ಞೆಯನ್ನು ನರವು ತಾನಾಗಿಯೇ ಹೊರಡಿಸುತ್ತದೆ; ಸ್ನಾಯುವಿನೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಇದ್ದೇ ಇರುವುದರಿಂದ ಅದು ಆ ಆಜ್ಞೆಯನ್ನು ಪಾಲಿಸಿ ಬಿಗಿಯುತ್ತದೆ. ತುಟಿಗಳ ಸುತ್ತ ಜುಮುಗುಟ್ಟುವಿಕೆ, ಬೆರಳತುದಿಗಳಲ್ಲಿ ಚುಚ್ಚಿದ ಅನುಭವ, ಎರಡೂ ಕೈಗಳು ಮಣಿಕಟ್ಟಿನಲ್ಲಿ ಬಾಗಿ ಬೆರಳುಗಳು ಒಂದೆಡೆ ಕೂಡಿಕೊಳ್ಳುವುದು: ಇವು ಇದರ ಲಕ್ಷಣಗಳು. ವೈದ್ಯರು ಇದನ್ನು ಟೆಟನಿಯೆಂದು ಕರೆಯುತ್ತಾರೆ. ತೋಳನ್ನು ಬಿಗಿಯಾಗಿ ಒತ್ತಿಹಿಡಿದರೆ ಅಡಗಿದ್ದ ಸೆಟೆತವು ಕೈಯಲ್ಲಿ ಪ್ರಕಟವಾಗುತ್ತದೆಂಬುದನ್ನು ಫ್ರಾನ್ಸಿನ ಅರ್ಮಾಂ ಟ್ರೂಸೋ 1861ರಲ್ಲಿಯೇ ಗುರುತಿಸಿದ್ದನು. ಕ್ಲೋಸ್ಟ್ರಿಡಿಯಂ ಎಂಬ ಸೂಕ್ಷ್ಮಜೀವಿಯ ವಿಷದಿಂದ ಬರುವ ಧನುರ್ವಾಯು ಬೇರೆ, ಈ ಟೆಟನಿ ಬೇರೆ. ಹೆಸರಿನ ಸಾಮ್ಯದಿಂದ ಯಾರೂ ಮೋಸಹೋಗಬಾರದು.

ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಯೂರೋಪಿನ ಶಸ್ತ್ರವೈದ್ಯರು ಗಳಗಂಡವನ್ನು ಕತ್ತರಿಸಿ ತೆಗೆಯುವುದರಲ್ಲಿ ನಿಷ್ಣಾತರಾಗಿದ್ದರು. ಆದರೆ ಗಾಯ ಮಾಯುವುದರೊಳಗಾಗಿ ಕೆಲವು ರೋಗಿಗಳ ಕೈಕಾಲುಗಳು ಸೆಟೆದುಕೊಳ್ಳುತ್ತಿದ್ದವು, ಕೆಲವರು ಅಸುನೀಗಿದರು. ಥೈರಾಯ್ಡ್ ಗ್ರಂಥಿಗೆ ಅಂಟಿಕೊಂಡು ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿರುತ್ತವೆಂಬುದೂ, ಅವು ಚಾಕುವಿಗೆ ಬಲಿಯಾಗುತ್ತಿದ್ದವೆಂಬುದೂ ನಿಧಾನವಾಗಿ ತಿಳಿದುಬಂದಿತು. 1909ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಮ್ಯಾಕ್‌ಕ್ಯಾಲಮ್ ಮತ್ತು ಫೊಗ್ಟ್ಲಿನ್ ಎಂಬ ಇಬ್ಬರು ವಿಜ್ಞಾನಿಗಳು, ಈ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ತೆಗೆದ ಪ್ರಾಣಿಗಳ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುತ್ತದೆಂದೂ, ಕ್ಯಾಲ್ಸಿಯಂ ಲವಣವನ್ನು ಕೊಟ್ಟೊಡನೆ ಸೆಟೆತವು ಇಳಿಯುತ್ತದೆಂದೂ ತೋರಿಸಿದರು. ಇಂದಿಗೂ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲಿ ತುಟಿ ಜುಮುಗುಟ್ಟಿತೆಂದರೆ ವೈದ್ಯರು ಎಚ್ಚರಗೊಳ್ಳುವುದು ಈ ಅರಿವಿನಿಂದಲೇ.

ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಕೆಲವರು. ಬಡತನದ ತೊಟ್ಟಿಲಲ್ಲಿ ಮಲಗಿದ ಮಕ್ಕಳು ಅಸಂಖ್ಯ. ಎಳೆಯ ಕೂಸೊಂದು ಇದ್ದಕ್ಕಿದ್ದಂತೆ ಕೈಕಾಲು ಬಿಗಿಹಿಡಿದು ಕಣ್ಣು ಮೇಲಕ್ಕೆ ಸಿಕ್ಕಿಸಿದರೆ ‘ಬಾಲಗ್ರಹ ಬಡಿದಿದೆ, ತಾಯತ ಕಟ್ಟಿಸವ್ವಾ’ ಎಂದು ಅಜ್ಜಿ ಹೇಳುತ್ತಾಳೆ. ಅಜ್ಜಿಯ ಮಮತೆಯಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಕೂಸಿನ ರಕ್ತದಲ್ಲಿರಬಹುದು. ಶಿಶುಗಳ ಸೆಳವಿಗೆ ಜ್ವರ, ಮೆದುಳಿನ ಸೋಂಕು, ಸಕ್ಕರೆಯ ಕುಸಿತ ಮುಂತಾದ ಕಾರಣಗಳು ಹಲವಾರು. ಅವುಗಳಲ್ಲಿ ಡಿ ಜೀವಸತ್ತ್ವದ ಅಭಾವದಿಂದ ಉಂಟಾಗುವ ಕ್ಯಾಲ್ಸಿಯಂ ಕುಸಿತವೂ ಒಂದು. ಡಿ ಜೀವಸತ್ತ್ವವಿಲ್ಲದಿದ್ದರೆ ಕರುಳು ಆಹಾರದ ಕ್ಯಾಲ್ಸಿಯಮ್ಮಿನಲ್ಲಿ ನೂರಕ್ಕೆ 10ರಿಂದ 15 ಪಾಲನ್ನು ಮಾತ್ರ ಹೀರಿಕೊಳ್ಳಬಲ್ಲದು. ಅದು ಸಾಕಷ್ಟಿದ್ದರೆ 30ರಿಂದ 40 ಪಾಲು ದೇಹಕ್ಕೆ ದಕ್ಕುತ್ತದೆ. ತಾಯಿಯ ಹಾಲು ಸರ್ವೋತ್ತಮ ಆಹಾರವಾದರೂ ಅದರಲ್ಲಿ ಈ ಜೀವಸತ್ತ್ವ ಅತ್ಯಲ್ಪ. ತಾಯಿಗೇ ಅದರ ಅಭಾವವಿದ್ದರೆ ಕೂಸಿಗೆ ದೊರೆಯುವುದೆಲ್ಲಿಂದ? ಆದುದರಿಂದಲೇ ಶಿಶುಗಳಿಗೆ ಮೊದಲ ವರ್ಷ ದಿನವೊಂದಕ್ಕೆ 400 ಅಂತರರಾಷ್ಟ್ರೀಯ ಮಾನದಷ್ಟು ಡಿ ಜೀವಸತ್ತ್ವದ ಹನಿಗಳನ್ನು ಕೊಡಬೇಕೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡಿದೆ. ತಾಯತ ಕಟ್ಟುವ ಕೈಯೇ ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಧಾವಿಸಿದರೆ, ಈ ಬಗೆಯ ಸೆಳವು ಸಂಪೂರ್ಣವಾಗಿ ಗುಣವಾಗಬಲ್ಲದು.

ಸೂರ್ಯನು ಧಾರಾಳವಾಗಿ ಬೆಳಗುವ ನಾಡಿನಲ್ಲಿ ಡಿ ಜೀವಸತ್ತ್ವದ ಬರವೇ ಎಂದು ಕೇಳಬಹುದು. 1919ರಲ್ಲಿ ಬರ್ಲಿನ್ನಿನ ಕರ್ಟ್ ಹುಲ್ಡ್‌ಶಿನ್ಸ್ಕಿ ಅತಿನೇರಳೆ ದೀಪದ ಬೆಳಕಿನಿಂದ ಮಕ್ಕಳ ಮೂಳೆಮೆತುವನ್ನು ವಾಸಿಮಾಡಿ ತೋರಿಸಿದನು. ಅಂಥ ದೀಪ ಭಾರತದ ಆಕಾಶದಲ್ಲಿ ಪುಕ್ಕಟೆಯಾಗಿ ಉರಿಯುತ್ತಿದೆ. ಆದರೂ ದೆಹಲಿಯ ವೈದ್ಯರು 2000ನೆಯ ಇಸವಿಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆರೋಗ್ಯವಂತರೆಂದು ತೋರುವವರಲ್ಲಿಯೂ ಈ ಅಭಾವ ಕಂಡುಬಂದಿತು. ಬಿಸಿಲು ಇರುವುದು ಬೇರೆ, ಬಿಸಿಲು ಮೈಗೆ ತಾಗುವುದು ಬೇರೆ. ಕಿಟಕಿಯ ಗಾಜು ಬೇಕಾದ ಕಿರಣಗಳನ್ನು ತಡೆಯುತ್ತದೆ, ಉಡುಪು ತಡೆಯುತ್ತದೆ, ಕಪ್ಪು ಮೈಬಣ್ಣಕ್ಕೆ ಹೆಚ್ಚು ಹೊತ್ತಿನ ಬಿಸಿಲು ಬೇಕಾಗುತ್ತದೆ. ಹೊಲ ಬಿಟ್ಟು ಕೋಣೆ ಸೇರಿದ ಬದುಕಿಗೆ ಇದು ತೆರಬೇಕಾದ ಸುಂಕ.

ಮೆಗ್ನೀಸಿಯಂ ಕ್ಯಾಲ್ಸಿಯಮ್ಮಿನ ಮೌನ ಸಹಚರ. ಅದು ತೀರ ಕಡಿಮೆಯಾದರೆ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಮ್ಮ ರಸವನ್ನು ಸ್ರವಿಸಲಾರವು. ಆಗ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ರಕ್ತದಲ್ಲಿ ನಿಲ್ಲುವುದಿಲ್ಲ. ಬಹುಕಾಲದ ಭೇದಿ, ಮದ್ಯಪಾನ, ಮೂತ್ರ ಹೆಚ್ಚಿಸುವ ಔಷಧಗಳು, ವರ್ಷಗಟ್ಟಲೆ ನುಂಗುವ ಕೆಲವು ಆಮ್ಲಶಾಮಕ ಗುಳಿಗೆಗಳು ಮೆಗ್ನೀಸಿಯಮ್ಮನ್ನು ಬರಿದುಮಾಡುತ್ತವೆ. ಪೊಟ್ಯಾಸಿಯಂ ಕುಸಿದರೆ ಸೆಳೆತಕ್ಕಿಂತ ಮಿಗಿಲಾಗಿ ನಿಶ್ಶಕ್ತಿ ಕಾಡುತ್ತದೆ. ಹೃದಯದ ಲಯವೂ ತಪ್ಪಬಹುದು. ಇದಕ್ಕೆ ಎಳನೀರು, ಬಾಳೆಹಣ್ಣು ಹಿತವೆಂಬುದು ನಿಜ. ಆದರೆ ಮೂತ್ರಪಿಂಡ ಸೋತವರಿಗೆ ಅದೇ ಎಳನೀರು ಅಪಾಯಕರವಾದೀತು.

ಉಪ್ಪಿನ ಕಥೆ ಬೆವರಿನ ಕಥೆ. ಇಂಗ್ಲೆಂಡಿನ ಆಳವಾದ ಕಲ್ಲಿದ್ದಲ ಗಣಿಗಳಲ್ಲಿ ದುಡಿಯುವವರಿಗೆ ಹೊಟ್ಟೆಯ ಮತ್ತು ಕೈಕಾಲಿನ ಸ್ನಾಯುಗಳು ಭಯಂಕರವಾಗಿ ಹಿಡಿದುಕೊಳ್ಳುತ್ತಿದ್ದವು. ಬೆವರಿನೊಡನೆ ಉಪ್ಪು ಹರಿದುಹೋದ ಮೇಲೆ ಅವರು ಬರಿಯ ನೀರನ್ನೇ ಹೇರಳವಾಗಿ ಕುಡಿಯುತ್ತಿದ್ದುದೇ ಇದಕ್ಕೆ ಕಾರಣವೆಂದು ಕೆ. ನೆವಿಲ್ ಮಾಸ್ 1923ರಲ್ಲಿ ವಿವರಿಸಿದನು. ನೀರಿಗೆ ಚಿಟಿಕೆ ಉಪ್ಪು ಬೆರೆಸಿದಾಗ ಬಾಧೆ ತಗ್ಗಿತು. ಕರ್ನಾಟಕದ ಕೋಲಾರದ ಚಿನ್ನದ ಗಣಿಗಳು 3 ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದವು. ಅಲ್ಲಿಯ ಬಂಡೆಯ ಕಾವಿನಲ್ಲಿ ಕುಸಿದುಬೀಳುತ್ತಿದ್ದ ಕಾರ್ಮಿಕರನ್ನು ಕುರಿತು 1944ರಲ್ಲಿ ಗಣಿಗಾರಿಕೆಯ ಪತ್ರಿಕೆಯೊಂದು ವಿಸ್ತೃತ ವಿಶ್ಲೇಷಣೆಯನ್ನು ಪ್ರಕಟಿಸಿತು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಆದರೆ ಬೇಸಗೆಯ ಕಬ್ಬಿನ ಗದ್ದೆಯಲ್ಲಿ, ಇಟ್ಟಿಗೆಯ ಭಟ್ಟಿಯ ಬಳಿಯಲ್ಲಿ ಬೆವರು ಇಂದಿಗೂ ಹರಿಯುತ್ತಿದೆ. ಅಂಥ ದುಡಿಮೆಗಾರನಿಗೆ ಉಪ್ಪು ಹಾಕಿದ ಮಜ್ಜಿಗೆಯೊಂದು ತಂಬಿಗೆ ಬರಿಯ ಉಪಚಾರವಲ್ಲ, ಶಾಸ್ತ್ರಸಮ್ಮತವಾದ ಔಷಧ. ನೆರಳಿನಲ್ಲಿ ಕುಳಿತು ಕೆಲಸ ಮಾಡುವವನಿಗೆ ಈ ನ್ಯಾಯ ಸಲ್ಲದು. ಅವನಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಬಿ ಜೀವಸತ್ತ್ವಗಳ ಮಾತು ಬೇರೆ. ಪಾಲಿಷ್ ಮಾಡಿದ ಅಕ್ಕಿಯನ್ನೇ ನಂಬಿದವರಲ್ಲಿ ತಲೆದೋರುತ್ತಿದ್ದ ಬೆರಿಬೆರಿ ರೋಗದಲ್ಲಿ ಮೀನಖಂಡದ ನೋವು, ಸೆಳೆತ ಮೊದಲ ಚಿಹ್ನೆಗಳಲ್ಲಿ ಸೇರಿದ್ದವು. ಅದಕ್ಕೆ ಬಿ1ರ ಅಭಾವವೇ ಮೂಲ. 1948ರಲ್ಲಿ ಬೇರ್ಪಡಿಸಲಾದ ಬಿ12 ಸಸ್ಯಗಳಿಂದ ದೊರೆಯುವುದಿಲ್ಲ. ಶಾಕಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಆಸರೆ. ಹಾಲನ್ನು ಮಾರಿ ಚಹಾದ ಪುಡಿ ಕೊಳ್ಳುವ ಮನೆಯಲ್ಲಿ ಆ ಆಸರೆಯೂ ತಪ್ಪುತ್ತದೆ. ಕೈಕಾಲು ಜೋಮು ಹಿಡಿಯುವುದು, ನಡಿಗೆ ತಡವರಿಸುವುದು ಅದರ ಫಲ.

ಇಷ್ಟನ್ನೂ ಓದಿದವರು ತಮ್ಮ ರಾತ್ರಿಯ ಸೆಳೆತಕ್ಕೆಲ್ಲ ಕೊರತೆಯೇ ಕಾರಣವೆಂದು ಭಾವಿಸಿದರೆ ಪ್ರಮಾದವಾದೀತು. ಒಂದು ಸರಳ ಸಾಕ್ಷ್ಯವನ್ನು ಗಮನಿಸಬೇಕು. ಹಿಡಿದ ಮೀನಖಂಡವನ್ನು, ಪಾದವನ್ನು ಮೊಣಕಾಲಿನ ಕಡೆಗೆ ಎಳೆದು ಹಿಗ್ಗಿಸಿದರೆ ಒಂದು ನಿಮಿಷದಲ್ಲಿ ಅದು ಸಡಿಲಗೊಳ್ಳುತ್ತದೆ. ಆ ಒಂದು ನಿಮಿಷದಲ್ಲಿ ರಕ್ತಕ್ಕೆ ಯಾವ ಲವಣ ಬಂದು ಸೇರಿತು? ಯಾವುದೂ ಇಲ್ಲ. ಮುಪ್ಪು, ದಣಿವು, ಗರ್ಭಧಾರಣೆ, ಬಹಳ ಹೊತ್ತಿನ ನಿಲುವು, ಮಧುಮೇಹ, ಕೆಲವು ಔಷಧಗಳು, ಕಾಲಿನ ರಕ್ತನಾಳಗಳ ಸಂಕೋಚ ಇವೆಲ್ಲ ಸೆಳೆತಕ್ಕೆ ಕಾರಣವಾಗುತ್ತವೆ. ವೃದ್ಧರ ಸಾಮಾನ್ಯ ಸೆಳೆತಕ್ಕೆ ಮೆಗ್ನೀಸಿಯಂ ಗುಳಿಗೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗುವ ಸಂಭವವಿಲ್ಲವೆಂದು 2020ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ನಿರ್ಣಯಿಸಿತು. ಒಂದು ಕಾಲದಲ್ಲಿ ಧಾರಾಳವಾಗಿ ಕೊಡುತ್ತಿದ್ದ ಕ್ವಿನೈನ್ ಪ್ರಾಣಕ್ಕೇ ಎರವಾಗಬಲ್ಲುದೆಂದು ಅಮೆರಿಕದ ಔಷಧ ನಿಯಂತ್ರಕರು 2006ರಿಂದೀಚೆಗೆ ಎಚ್ಚರಿಸುತ್ತ ಬಂದಿದ್ದಾರೆ. ಕೊರತೆ ಯಾವುದೆಂದು ತಿಳಿಯದೆ ತುಂಬುವುದು ಚಿಕಿತ್ಸೆಯಲ್ಲ. ಪದೇಪದೇ ಬರುವ ಸೆಳೆತ, ನಿಶ್ಶಕ್ತಿಯೊಡಗೂಡಿದ ಸೆಳೆತ, ಎರಡೂ ಕೈಗಳ ಸೆಟೆತ ಇವುಗಳಿಗೆ ರಕ್ತಪರೀಕ್ಷೆಯೇ ಮೊದಲ ಹೆಜ್ಜೆಯಾಗಬೇಕು.

ರೋಗ ಬಂದ ಮೇಲೆ ವೈದ್ಯನ ಅಧಿಕಾರ. ಬರುವುದಕ್ಕೆ ಮುನ್ನ ಅಡುಗೆಮನೆಯ ಅಧಿಕಾರ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೇ ತೂಕದ ಜೋಳದಲ್ಲಿ ಸುಮಾರು 25, ಪಾಲಿಷ್ ಅಕ್ಕಿಯಲ್ಲಿ 10ರ ಆಸುಪಾಸು. ಎಳ್ಳಿನಲ್ಲಿ ಸಾವಿರವನ್ನು ಮೀರುತ್ತದೆ. ನುಗ್ಗೆಸೊಪ್ಪಿನಲ್ಲಿ ಮುನ್ನೂರನ್ನು ಮೀರುತ್ತದೆ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿದರೆ ಅದರ ಸತ್ತ್ವವು ದೇಹಕ್ಕೆ ಇನ್ನೂ ಸುಲಭವಾಗಿ ದಕ್ಕುತ್ತದೆ. ಜೋಳದ ರೊಟ್ಟಿಯ ಸೀಮೆಯವರು ರೊಟ್ಟಿಯನ್ನು ಬಿಡಬೇಕಾಗಿಲ್ಲ. ಅದರ ಪಕ್ಕದಲ್ಲಿ ಮೊಸರು, ಎಳ್ಳಿನ ಪುಡಿ, ಸೊಪ್ಪಿನ ಪಲ್ಯ ಇದ್ದರೆ ಸಾಕು. ಇವುಗಳಲ್ಲಿ ಒಂದಾದರೂ ಪರದೇಶದಿಂದ ಬರಬೇಕಾದುದಿಲ್ಲ. ಬೇಕಾದುದು ಬಡಿಸುವವರ ಎಚ್ಚರ ಮಾತ್ರ.

ವಿದ್ಯಾರ್ಥಿನಿಲಯಗಳ ಪಂಕ್ತಿಯಲ್ಲಿ ಕುಳಿತು ಉಣ್ಣುವ ಹುಡುಗರ ವಯಸ್ಸು ಮೂಳೆ ಬಲಿಯುವ ವಯಸ್ಸು. ಆ ವಯಸ್ಸಿನಲ್ಲಿ ತುಂಬದೆ ಉಳಿದುದನ್ನು ಮುಂದೆ ಸಂಪೂರ್ಣವಾಗಿ ತುಂಬಿಕೊಡುವುದು ಕಷ್ಟ. ಅನ್ನದಾನಕ್ಕೆಂದು ಕೈನೀಡುವ ಪುಣ್ಯವಂತರು ಅಕ್ಕಿಯ ಮೂಟೆಯ ಜೊತೆಗೆ ರಾಗಿಯ ಒಂದು ಮೂಟೆಯನ್ನು, ಹಬ್ಬದ ಸಿಹಿಯ ಜೊತೆಗೆ ನಿತ್ಯದ ಮಜ್ಜಿಗೆಯನ್ನು ನೆನೆದರೆ ಆ ದಾನದ ಫಲ ಇಮ್ಮಡಿಯಾಗುತ್ತದೆ. ಅಧ್ಯಾಪಕರು ಆಟದ ವೇಳೆಯನ್ನು ಪಾಠಕ್ಕೆ ಕಸಿದುಕೊಳ್ಳದೆ ಮಕ್ಕಳನ್ನು ಬಿಸಿಲಿಗೆ ಬಿಟ್ಟರೆ ಅದೂ ಒಂದು ಬಗೆಯ ಬೋಧನೆಯೇ. ಆಟದಲ್ಲಿ ಕಾಲು ಹಿಡಿದು ಕುಳಿತ ಹುಡುಗನನ್ನು ‘ನೆಪ ಹೇಳುತ್ತಾನೆ’ ಎಂದು ಗದರಿಸದೆ, ಪಾದವನ್ನು ಹಿಗ್ಗಿಸಿ ನೀರು ಕೊಟ್ಟು, ಅದು ಮತ್ತೆ ಮತ್ತೆ ಮರುಕಳಿಸುತ್ತಿದೆಯೇ ಎಂದು ಗಮನಿಸುವ ಗುರುವಿನಲ್ಲಿ ತಾಯಿಯ ಕರುಳೂ ವೈದ್ಯನ ಕಣ್ಣೂ ಕೂಡಿರುತ್ತವೆ. ಕಾಯಕವನ್ನು ಕಲಿಸುವ ಶಾಲೆಯು ಕಾಯವನ್ನೂ ಕಾಪಾಡಲು ಕಲಿಸಲಿ. ಉಣ್ಣುವವರೂ ಉಣಬಡಿಸುವವರೂ ಊಟವನ್ನು ಬಲ್ಲವರಾಗಲಿ.