ಕೌದಿಯೊಳಗಿನ ಮುಖ

ದಾವಣಗೆರೆಯ ಹಳೇಪೇಟೆ ಕಡೆಯ ಮನೆಗಳಲ್ಲಿ ನಡುಮನೆಯ ಗೋಡೆಯ ಮೇಲೆ, ಕೈಗೆ ನಿಲುಕದ ಎತ್ತರದಲ್ಲಿ, ತುಸು ಮುಂದಕ್ಕೆ ಬಾಗಿದ ಫೋಟೊಗಳ ಸಾಲೊಂದು ಇರುತ್ತದೆ. ಅವುಗಳಲ್ಲಿರುವ ಹಿರಿಯರು ಬದುಕಿದ್ದಾಗ ಹಾಗೆ ಇದ್ದವರಲ್ಲ. ಜೀವಮಾನದಲ್ಲಿ ಕೋಟು ಮುಟ್ಟದ ಅಜ್ಜನಿಗೆ ಸ್ಟುಡಿಯೋದವನು ಕೋಟು ಬರೆದಿರುತ್ತಾನೆ. ತೀರಿಕೊಂಡ ಮೇಲೆ ಗೋಡೆಗೆ ಒರಗಿಸಿ ತೆಗೆದ ಫೋಟೊಗಳಿಗೆ ಕುಂಚದಿಂದ ಕಣ್ಣು ತೆರೆಸಿದ್ದೂ ಉಂಟು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ತಿದ್ದಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ, ಸಿಡುಬಿನ ಕಲೆ ಮಾಯ. ಇದನ್ನು ಯಾರೂ ಸುಳ್ಳು ಎನ್ನಲಿಲ್ಲ. ಗೋಡೆ ಏರುವ ಮುನ್ನ ಮನುಷ್ಯ ಒಂದಿಷ್ಟು ಸಿಂಗಾರವಾಗಬೇಕು ಎಂಬುದು ಎಲ್ಲರೂ ಒಪ್ಪಿದ್ದ ಮಾತು.

ನಾನು ಪದವಿ ಓದುವಾಗ ಹರಿಹರದ ಒಂದು ಸ್ಟುಡಿಯೋದಲ್ಲಿ ಸಂಜೆ ಹೊತ್ತು ಕೆಲಸಕ್ಕಿದ್ದೆ. ಆಗ ಪೆನ್ಸಿಲ್ ಹೋಗಿ ಫೋಟೊಶಾಪ್ ಬಂದಾಗಿತ್ತು. ಮದುವೆ ಆಲ್ಬಮ್ಮಿನ ಕಾಲ ಅದು. ಮದುಮಗಳ ಮುಖ ಮೋಡದೊಳಗೆ, ಮದುಮಗನ ಮುಖ ಗುಲಾಬಿ ಹೂವಿನೊಳಗೆ, ಹಿಂದೆ ಇಬ್ಬರೂ ಕಾಣದ ಸ್ವಿಟ್ಜರ್‌ಲೆಂಡ್. ನಗಬೇಡಿ, ನಾನೇ ಎಷ್ಟೋ ಜೋಡಿಗಳನ್ನು ಆ ಹಿಮದ ಮೇಲೆ ನಿಲ್ಲಿಸಿದ್ದೇನೆ. ಫೋಟೊಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಲೇಯರ್ ಎಂಬ ಸೌಕರ್ಯ ಸೇರಿದ್ದು 1994ರ ಮೂರನೆಯ ಆವೃತ್ತಿಯಲ್ಲಿ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಪ್ರತಿಯೊಂದರ ಮೇಲೂ ಬೇರೆ ಬೇರೆ ಚಿತ್ರ ಬರೆದು, ಮೇಲಿನಿಂದ ನೋಡಿದ ಹಾಗೆ. ನಮ್ಮ ಸ್ಟುಡಿಯೋದ ಇಡೀ ದಂಧೆ ಆ ಗಾಜಿನ ಹಾಳೆಗಳ ಮೇಲೆ ನಡೆಯುತ್ತಿತ್ತು.

ಆ ಕೈಚಳಕವನ್ನು ಮರೆತು ಬೇರೆ ಉದ್ಯೋಗ ಹಿಡಿದು ಎಷ್ಟೋ ವರ್ಷಗಳಾದ ಮೇಲೆ ಅವ್ವ ತೀರಿಕೊಂಡಳು. ಮೂರನೆಯ ದಿನವೇ ಅಣ್ಣ ಕೇಳಿದ, "ಅವ್ವಂದು ಒಂದು ಫೋಟೊ ಎಲ್ಲೈತಿ ನೋಡಪ, ಹನ್ನೊಂದರ ದಿನಕ್ಕ ಬೇಕಲ್ಲ." ಹುಡುಕಿದೆವು. ಮದುವೆ, ಮುಂಜಿ, ಗೃಹಪ್ರವೇಶ ಎಲ್ಲದರಲ್ಲೂ ಅವ್ವ ಇದ್ದಳು, ಆದರೆ ಒಂದೋ ಬೆನ್ನು, ಇಲ್ಲವೇ ಯಾರದೋ ಭುಜದ ಹಿಂದೆ ಅರ್ಧ ಸೆರಗು. ಕ್ಯಾಮೆರಾ ಕಂಡರೆ ಅಡುಗೆಮನೆಗೆ ಹೋಗುವವಳು. ನೇರ ಮುಖ ಇದ್ದದ್ದು ಒಂದೇ ಕಡೆ, ವೋಟರ್ ಕಾರ್ಡಿನಲ್ಲಿ.

ಟಿ.ಎನ್. ಶೇಷನ್ ಕಾಲದಲ್ಲಿ, 1993ರಲ್ಲಿ ಶುರುವಾದ ಆ ಕಾರ್ಡುಗಳ ಫೋಟೊ ಹೇಗಿರುತ್ತಿತ್ತೆಂದು ಹಳಬರಿಗೆ ಗೊತ್ತು. ಕಪ್ಪು ಬಿಳುಪು, ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು, ಯಾರದೆಂದು ಹೆಸರು ಓದಿಯೇ ಹೇಳಬೇಕು. ಅವ್ವನದೂ ಹಾಗೇ. ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿ, ಬಾಯಿ ಇರಬೇಕಾದಲ್ಲಿ ಒಂದು ಗೆರೆ, ಮೂಗಿನ ಬಳಿ ಒಂದು ಬಿಳಿ ಚುಕ್ಕಿ.

ಲೆಕ್ಕ ಮಾಡಿ ನೋಡಿದೆ. ಒಂದು ಅಂಗುಲ ಅಗಲದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಅಗಲಕ್ಕೆ 300 ಪಿಕ್ಸೆಲ್ ಸಿಗುತ್ತವೆ. ಗೋಡೆಗೆ ಹಾಕುವ 12 ಅಂಗುಲದ ಪ್ರಿಂಟಿಗೆ ಅದೇ ಗುಣಮಟ್ಟದಲ್ಲಿ 3600 ಬೇಕು. ಅಗಲಕ್ಕೆ ಹನ್ನೆರಡು ಪಟ್ಟು, ಎತ್ತರಕ್ಕೆ ಹನ್ನೆರಡು ಪಟ್ಟು. ಅಂದರೆ ಒಂದು ಪಿಕ್ಸೆಲ್ಲಿನ ಜಾಗದಲ್ಲಿ 144 ನಿಲ್ಲಬೇಕು. ಒಂದು ಅವ್ವನದು, ಉಳಿದ 143 ಯಾರದೋ ಊಹೆ. ಸ್ಕ್ಯಾನರನ್ನು ಇನ್ನಷ್ಟು ಸೂಕ್ಷ್ಮಕ್ಕೆ ತಿರುಗಿಸಿದರೂ ಬರುವುದು ಕಾಗದದ ಮೇಲಿನ ಮಸಿಯ ಕಣಗಳು, ಮುಖವಲ್ಲ.

ಊಹಿಸುವ ಯಂತ್ರ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಅಣ್ಣನ ಮಗ ಕಾರ್ಡಿನ ಫೋಟೊ ತೆಗೆದು ಒಂದು ಆ್ಯಪಿಗೆ ಹಾಕಿದ. ಅರ್ಧ ನಿಮಿಷದಲ್ಲಿ ಹೊಳೆಯುವ ಕಣ್ಣಿನ, ನುಣುಪು ಕೆನ್ನೆಯ, ತುಟಿಯಂಚಿನಲ್ಲಿ ನಗುವಿರುವ ಹೆಂಗಸೊಬ್ಬಳು ಬಂದಳು. ಅಣ್ಣ ನೋಡಿ, "ಭಾಳ ಚಲೋ ಬಂದೈತಿ," ಎಂದ. ಅತ್ತಿಗೆ ಕಣ್ಣು ಒರೆಸಿಕೊಂಡರು. ನನಗೆ ಆ ಹೆಂಗಸು ಯಾರೆಂದು ತಿಳಿಯಲಿಲ್ಲ. ಹರಿಹರದಿಂದ ಬಂದಿದ್ದ ಅಕ್ಕ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಕೇಳಿದಳು: "ಇದ್ರಾಗ ಅವ್ವನ ಮೂಗುಬಟ್ಟು ಎಲ್ಲೈತಿ?"

ಇರಲಿಲ್ಲ. ಆ ಬಿಳಿ ಚುಕ್ಕಿಯನ್ನು ಯಂತ್ರ ಧೂಳೆಂದು ಎಣಿಸಿ ಒರೆಸಿಹಾಕಿತ್ತು.

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1870ರ ದಶಕದಲ್ಲಿ ಹಲವು ಮುಖಗಳನ್ನು ಒಂದೇ ಫಲಕದ ಮೇಲೆ ಒಂದರ ಮೇಲೊಂದು ಮೂಡಿಸಿ ನೋಡಿದ. ಅಪರಾಧಿಯ ಮುಖದ ಮಾದರಿ ಸಿಗುತ್ತದೆಂಬುದು ಅವನ ಆಸೆ. ಅವನ ಉಳಿದ ಆಲೋಚನೆಗಳಂತೆ ಅದೂ ಅಪಾಯಕಾರಿಯೇ. ಆದರೆ ಸಿಕ್ಕಿದ್ದು ಬೇರೆ. ಒಟ್ಟುಗೂಡಿದ ಮುಖ ಮೂಲದ ಒಂದೊಂದು ಮುಖಕ್ಕಿಂತಲೂ ಚೆಂದ ಕಂಡಿತು. ಒಬ್ಬೊಬ್ಬರ ಕಲೆ, ಸೊಟ್ಟು, ಗಾಯ ಎಲ್ಲ ಒಂದನ್ನೊಂದು ಅಳಿಸಿಕೊಂಡಿದ್ದವು. ನಮ್ಮ ಮೊಬೈಲಿನ ಆ್ಯಪ್ ಕೆಲಸ ಮಾಡುವ ಬಗೆ ಬೇರೆ, ಇದಕ್ಕಿಂತ ಎಷ್ಟೋ ಜಟಿಲ. ಆದರೂ ಲಕ್ಷಾಂತರ ಮುಖಗಳನ್ನು ಕಂಡು ಕಲಿತ ಅದು ತುಂಬುವ ಕೆನ್ನೆ ಆ ಲಕ್ಷಾಂತರ ಜನರದ್ದು.

ಹಳೆಯ ಸ್ಟುಡಿಯೋದವನ ಕೋಟಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಅಣ್ಣ ವಾದಿಸಿದ. ವಾದ ಬಲವಾಗಿಯೇ ಇತ್ತು. ಆದರೆ ಕೋಟು ಬರೆದದ್ದೆಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು, ಕುಂಚದ ಗುರುತು ಅಲ್ಲಿಯೇ ಇರುತ್ತಿತ್ತು. ಇಲ್ಲಿ ಯಾವುದು ಅವ್ವ, ಯಾವುದು ಊಹೆ ಎಂದು ಬೆರಳಿಟ್ಟು ತೋರಿಸುವ ಹಾಗಿಲ್ಲ. ಹತ್ತು ವರ್ಷ ಆ ಫೋಟೊಕ್ಕೆ ಊದಿನಕಡ್ಡಿ ಬೆಳಗಿದರೆ ನನ್ನ ನೆನಪಿನಲ್ಲೂ ಅದೇ ಹೆಂಗಸು ಬಂದು ಕೂರುತ್ತಾಳೆ ಎಂಬ ಭಯ ನನ್ನದು.

ಹಾಗಾಗಿ ಕಾರ್ಡಿನ ಸ್ಕ್ಯಾನನ್ನೇ ಇಟ್ಟುಕೊಂಡು ಕೂತೆ. ಹೊಸದಾಗಿ ಏನನ್ನೂ ಸೇರಿಸದೆ ಈ ಕಡಿಮೆ ಚುಕ್ಕಿಗಳಿಂದಲೇ ದೊಡ್ಡ ಚಿತ್ರ ಮಾಡಬೇಕಾದರೆ, ಖಾಲಿ ಜಾಗದಲ್ಲಿ ಬೇರೆಯವರ ಚರ್ಮದ ಬದಲು ಅವ್ವನದೇ ಇನ್ನೇನನ್ನಾದರೂ ತುಂಬಬೇಕು. ಸಿಕ್ಕಿದ್ದು ಕೌದಿ. ಹಳೆ ಸೀರೆ, ಅಪ್ಪನ ಪಂಚೆ, ನಮ್ಮ ಶಾಲೆಯ ಅಂಗಿ ಸೇರಿಸಿ ಅವ್ವ ಹೊಲಿದದ್ದು. ಅದರ ದಾರದ ಸಾಲುಗಳು ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರುತ್ತವೆ. ಅವಳ ಕೈ ದಣಿದ ಕಡೆ ಹೊಲಿಗೆ ಉದ್ದ, ಹುರುಪಿದ್ದ ಕಡೆ ಗಿಡ್ಡ. ಬೆಳಗಿನ ಓರೆ ಬಿಸಿಲಿನಲ್ಲಿ ಹಾಸಿ, ಒಂದೊಂದು ಹೊಲಿಗೆಗೂ ನೆರಳು ಬೀಳುವಾಗ ಫೋಟೊ ತೆಗೆದೆ.

ಫೋಟೊಶಾಪಿನಲ್ಲಿ ಡಿಸ್ಪ್ಲೇಸ್ ಎಂಬ ಫಿಲ್ಟರ್ ಇದೆ. ಎರಡನೆಯ ಚಿತ್ರವೊಂದನ್ನು ನಕಾಶೆಯಂತೆ ಕೊಟ್ಟರೆ, ಅದರ ನಡು ಬೂದು ಬಣ್ಣ ಇದ್ದಲ್ಲಿ ಮೂಲ ಚಿತ್ರ ಅಲುಗುವುದಿಲ್ಲ. ಕಪ್ಪಿದ್ದಲ್ಲಿ ಒಂದು ಕಡೆಗೆ, ಬಿಳುಪಿದ್ದಲ್ಲಿ ಇನ್ನೊಂದು ಕಡೆಗೆ ಸರಿಯುತ್ತದೆ. ಕೌದಿಯನ್ನು ನಕಾಶೆಯಾಗಿ ಕೊಟ್ಟೆ. ಮುಖದ ಗೆರೆಗಳು ಹೊಲಿಗೆಯ ದಾರಿ ಹಿಡಿದವು. ಅದರ ಮೇಲೆ ಕೌದಿಯನ್ನೇ ಇನ್ನೊಂದು ಲೇಯರ್ ಮಾಡಿ ಮಲ್ಟಿಪ್ಲೈಗೆ ಇಟ್ಟೆ: ಅದರಲ್ಲಿ ಬಿಳುಪು ಏನೂ ಮಾಡದೆ ಹಾದುಹೋಗುತ್ತದೆ, ನೆರಳು ಮಾತ್ರ ನೆರಳಿಗೆ ಕೂಡುತ್ತದೆ. ಕಣ್ಣಿನ ಗುಳಿಗಳನ್ನು ಹಾಗೇ ಬಿಟ್ಟೆ. ಮೂಗಿನ ಬಳಿಯ ಆ ಚುಕ್ಕಿಗೆ ಪುಟ್ಟದೊಂದು ಮಾಸ್ಕ್ ಹಾಕಿ, ಕೌದಿ ಅದರ ಮೇಲೆ ಬೀಳದಂತೆ ನೋಡಿಕೊಂಡೆ. ಇಡೀ ಹಾಳೆಯಲ್ಲಿ ಅಚ್ಚ ಬಿಳುಪು ಅದೊಂದೇ.

ಮಾಸ್ಕಿನ ಅಂಚನ್ನು ಎಷ್ಟು ಮೆದುವಾಗಿಸುವುದು ಎಂಬುದೇ ಒಂದು ವಾರದ ಗೊಂದಲ. ಮೆದುವಾಗಿಸಿದಷ್ಟೂ ಮುಖ ಕೌದಿಯೊಳಗೆ ಕರಗಿ, ಕ್ಯಾಲೆಂಡರ್ ಚಿತ್ರದಂತಾಗುತ್ತಿತ್ತು. ಅದೇ ವಾರ ಅಕ್ಕನ ಮನೆಗೆ ಹೋದವನು ಹರಿಹರೇಶ್ವರನ ಗುಡಿಗೂ ಹೋದೆ. ತುಂಗಭದ್ರೆಯ ದಂಡೆಯ ಆ ಗುಡಿ 13ನೆಯ ಶತಮಾನದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು. ಒಂದೇ ವಿಗ್ರಹ, ಬಲಭಾಗ ಹರ, ಎಡಭಾಗ ಹರಿ. ಚಿಕ್ಕಂದಿನಿಂದ ನೋಡಿದ ಮೂರ್ತಿಯೇ, ಆದರೆ ಲೇಯರ್, ಮಾಸ್ಕ್ ಎಂದು ತಲೆ ಕೆಟ್ಟಿದ್ದ ಆ ದಿನ ಕಂಡದ್ದು ಬೇರೆ. ಶಿಲ್ಪಿ ಇಬ್ಬರನ್ನೂ ಬೆರೆಸಿ ಮೂರನೆಯವನೊಬ್ಬನನ್ನು ಮಾಡಲು ಹೋಗಿಲ್ಲ. ಜಟೆ ಜಟೆಯೇ, ಕಿರೀಟ ಕಿರೀಟವೇ. ಎರಡೂ ಸೇರುವ ಕಡೆ ಸೇರಿವೆ, ಅಷ್ಟೇ. ಮನೆಗೆ ಬಂದು ಮಾಸ್ಕಿನ ಅಂಚನ್ನು ಗಟ್ಟಿಯಾಗಿಯೇ ಬಿಟ್ಟೆ. ಕೆನ್ನೆ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ಎಂದು ಈಗ ಯಾರಾದರೂ ಹೇಳಬಹುದು.

ದಾವಣಗೆರೆಯ ಒಂದು ಅಂಗಡಿಯಲ್ಲಿ ಹೊಳಪಿಲ್ಲದ ಕಾಗದದ ಮೇಲೆ ಪ್ರಿಂಟ್ ಹಾಕಿಸಲು ಕೊಟ್ಟಾಗ ಅಲ್ಲಿನ ಹುಡುಗ ತೆರೆಯನ್ನು ನೋಡಿ, "ಸರ್, ಫೈಲ್ ಕರಪ್ಟ್ ಆಗೈತಿ ಅನ್ಸುತ್ತೆ," ಎಂದ. ಇಲ್ಲಪ್ಪ, ಹಂಗೇ ಇರೋದು ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. "ಓ, ಯಾರೋ ಅಜ್ಜಿ ಅದಾರೆ," ಎಂದ. ದೂರದಿಂದ ಮುಖ, ಹತ್ತಿರದಿಂದ ಬರೀ ಹೊಲಿಗೆ. ಅವನಷ್ಟು ಒಳ್ಳೆಯ ವಿಮರ್ಶಕ ನನಗೆ ಆಮೇಲೆ ಸಿಗಲಿಲ್ಲ.

ಅಣ್ಣ ಇದನ್ನು ಒಪ್ಪಲಿಲ್ಲ. "ಪೂಜೆಗೆ ಇಡೋ ಫೋಟೊ ಇದು, ಒಗಟು ಬಿಡಿಸೋಕೆ ಆಗ್ತದೇನೋ? ಬಂದವರು ಅವ್ವಗ ಏನಾಗಿತ್ತು ಅಂತ ಕೇಳ್ತಾರ," ಎಂದ. ಅವನ ಮಾತಿನಲ್ಲೂ ನ್ಯಾಯವಿದೆ. ಕೈ ಮುಗಿಯುವವರಿಗೆ ಎದುರಿಗೊಂದು ಕಣ್ಣು ಬೇಕು, ತಿರುಗಿ ನೋಡುವ ಕಣ್ಣು. ನನ್ನ ಚಿತ್ರದಲ್ಲಿ ಇರುವುದು ಎರಡು ಗುಳಿ. ಅವರ ಮನೆಯ ಗೋಡೆಗೆ ಆ್ಯಪಿನ ಅವ್ವನೇ ಏರಿದ್ದಾಳೆ, ಗಂಧದ ಹಾರ ಹಾಕಿಸಿಕೊಂಡು ನಗುತ್ತಾ. ವರ್ಷದ ತಿಥಿಗೆ ಹೋದಾಗ ನಾನೂ ಅಲ್ಲಿ ಕೈ ಮುಗಿದೆ. ಆ್ಯಪಿನಿಂದ ಬಂದ ಮೂಗಿಗೆ ಅತ್ತಿಗೆ ಕೆಂಪು ಕಲ್ಲಿನ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿದ್ದರು, ಗಾಜಿನ ಮೇಲೆ, ಸರಿಯಾಗಿ ಎಡಕ್ಕೆ.

ಕೌದಿಯ ಪ್ರಿಂಟನ್ನು ಅಕ್ಕ ಹರಿಹರಕ್ಕೆ ಒಯ್ದಳು. ದೇವರ ಕೋಣೆಯಲ್ಲಿ ಇಟ್ಟಿಲ್ಲ, ಮಲಗುವ ಕೋಣೆಯಲ್ಲಿ ಮಂಚದ ಎದುರಿಗೆ ಹಾಕಿದ್ದಾಳೆ. ಹಾರ ಯಾಕ ಹಾಕಿಲ್ಲ ಎಂದು ಕೇಳಿದೆ. "ಹಾರ ಹಾಕಿದ್ರ ನಿನ್ನ ಅಂಗಿ ತುಂಡು ಮುಚ್ಚಿ ಹೋಗ್ತೈತಲೋ," ಎಂದಳು. ಎದ್ದು ಹೋಗಿ ನೋಡಿದೆ. ಗಲ್ಲದ ಕೆಳಗೆ, ಹೊಲಿಗೆ ಗಿಡ್ಡವಾಗುವ ಕಡೆ, ಶಾಲೆಯ ಅಂಗಿಯ ಚೌಕಳಿ ಇತ್ತು. ಅಷ್ಟು ದಿನ ಅದರ ಮೇಲೆ ಕೆಲಸ ಮಾಡಿದ್ದರೂ ನಾನದನ್ನು ಬರೀ ಬೂದು ಬಣ್ಣವೆಂದೇ ನೋಡಿದ್ದೆ.