ಮತ್ತೆ ಲಾಯದಲ್ಲಿ ಹೇಷಾರವ

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಗೆ ಪ್ರವಾಸಿಗರು ಬರುವುದು ಅಪರೂಪ. ಆದರೂ ಇದು ಕುದುರೆಯನ್ನು ಬಲ್ಲ ಸೀಮೆ. ಟಿಪ್ಪುವಿನ ಕಾಲದಿಂದ ದಂಡಿಗೆ ಕುದುರೆಗಳನ್ನು ಬೆಳೆಸಿದ ಕುಣಿಗಲಿನ ಅಶ್ವಶಾಲೆ ಇಲ್ಲಿಗೆ ಪಶ್ಚಿಮಕ್ಕಿದೆ. 1992ರಲ್ಲಿ ಅದು ಖಾಸಗಿ ಗುತ್ತಿಗೆಗೆ ಹೋಯಿತು.

ಜಟಕಾಗಳಿಗೆ ಬಾಡಿಗೆ ತಪ್ಪಿದಾಗ ಕುದುರೆಯನ್ನು ಮಾರಿದ್ದ ಹಿರಿಯರೊಬ್ಬರು, ಬಹುಕಾಲದ ನಂತರ, ಮಕ್ಕಳ ಮಾತನ್ನು ಮೀರಿ ಕಂದು ಬಣ್ಣದ ಹೆಣ್ಣುಕುದುರೆಯೊಂದನ್ನು ಮನೆಗೆ ತಂದಿದ್ದಾರೆ.

“ಕೈ ಮರೆತಿಲ್ಲ ಸ್ವಾಮಿ, ಸೊಂಟ ಬಗ್ಗಬೇಕಲ್ಲ!” ಎಂದು ನಕ್ಕರು.

ಮೇವಿನಲ್ಲಿ ಅವರದು ಬಿಗಿಯಾದ ಶಿಸ್ತು. ಬೇಯಿಸಿದ ಹುರುಳಿಯನ್ನು ಮೊದಲ ದಿನ ಹಿಡಿಯಷ್ಟೇ ಹಾಕಿದರಂತೆ. ಕುದುರೆಗೆ ವಾಂತಿಯಾಗದು, ತಿಂದದ್ದು ಕೆಟ್ಟರೆ ಒಳಗೇ ಉಬ್ಬರಿಸಿ ಶೂಲೆ ಹಿಡಿದು ಪ್ರಾಣಕ್ಕೆ ಕುತ್ತಾಗಬಹುದು. ಆದುದರಿಂದ ಒಣಹುಲ್ಲೇ ಮುಖ್ಯ, ಕಾಳು ಆಮೇಲೆ. ದಿನಕ್ಕೆ 30 ಲೀಟರಿನಷ್ಟು ನೀರನ್ನು ಹೊತ್ತು ತರುವವರೂ ಅವರೇ.

ಗೊರಸಿನ ಚಿಂತೆ ಇನ್ನೂ ದೊಡ್ಡದು. ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಆರೆಂಟು ವಾರಕ್ಕೊಮ್ಮೆ ಲಾಳ ಕಿತ್ತು, ಗೊರಸು ಕೆತ್ತಿ, ಮತ್ತೆ ಹೊಡೆಯಬೇಕು. ಎತ್ತಿಗೆ ಲಾಳ ಕಟ್ಟುವವರೇ ವಿರಳವಾಗಿರುವಾಗ ಕುದುರೆಗೆ ಯಾರು? ಗೊತ್ತಿದ್ದ ಒಬ್ಬಾತನೂ ಬೆಂಗಳೂರು ಸೇರಿದ್ದಾನೆ. ಅವನು ಬಾರದಿದ್ದರೆ ಈ ಸಾಹಸವೇ ಕುಂಟುತ್ತದೆ.

ನಾವು ಹೊರಡುವಾಗ ಹಿರಿಯರು ಕುದುರೆಯ ಮುಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿನ ಸಂದಿಯ ಮಣ್ಣನ್ನು ಕೆರೆಯುತ್ತಿದ್ದರು. ಸೊಂಟ ಚೆನ್ನಾಗಿಯೇ ಬಗ್ಗಿತ್ತು.